ಪೊಟ್ಟಣದಲ್ಲಿ ಕಟ್ಟಿಟ್ಟ ಕೂದಲು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ತಾಯಿ ಕೂರುವ ಮೊದಲೇ ಕೈಚೀಲದಿಂದ ಏಳು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಂದೊಂದರ ಮೇಲೂ ತಾರೀಕು, ಪಕ್ಕದಲ್ಲಿ ಒಂದು ಸಂಖ್ಯೆ. “ನಿನ್ನೇದು 212, ಮೇಡಂ. ಬಾಚಿದಾಗ ಬಂದಿದ್ದು ಮಾತ್ರ. ದಿಂಬಿನ ಮೇಲಿದ್ದದ್ದು ಸೇರಿಸಿಲ್ಲ.” ಪಕ್ಕದಲ್ಲಿದ್ದ ಒಂಬತ್ತು ವರ್ಷದ ಮಗಳು ಸಂಖ್ಯೆ ಕೇಳುತ್ತಿದ್ದಂತೆ ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡಳು.

ಎರಡೂವರೆ ತಿಂಗಳ ಹಿಂದೆ ನ್ಯುಮೋನಿಯಾ ಆಗಿ, ವಾರಕ್ಕೂ ಹೆಚ್ಚು ದಿನ ಜ್ವರ ಸುಟ್ಟಿತ್ತು. ಆಸ್ಪತ್ರೆ ವಾಸವೂ ಆಗಿತ್ತು. ಈಗ ಕೂದಲು ಉದುರುವುದನ್ನು ಮಕ್ಕಳ ವೈದ್ಯರಿಗೆ ತೋರಿಸಿಯೇ ಬಂದಿದ್ದರು. ರಕ್ತ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ‘ಟೆಲೋಜೆನ್ ಎಫ್ಲೂವಿಯಂ (ಕಾಯಿಲೆಯ ನಂತರ ಕೆಲಕಾಲ ಕೂದಲು ಉದುರುವುದು), ತಾನಾಗಿಯೇ ಸರಿಹೋಗುತ್ತೆ’ ಅಂದಿದ್ದರು ವೈದ್ಯರು. ಮಾತು ಸರಿಯೇ. ಆದರೆ ಎರಡು ನಿಮಿಷದಲ್ಲಿ ಮುಗಿದ ಮಾತು ಮನೆಗೆ ಬರುವಷ್ಟರಲ್ಲಿ ಕರಗಿಹೋಗುತ್ತದೆ. “ಜ್ವರ ಇದ್ದಾಗ ಉದುರದ ಕೂದಲು, ಮಗು ಚೆನ್ನಾಗಿ ಓಡಾಡ್ತಿರೋವಾಗ ಯಾಕೆ ಉದುರ್ಬೇಕು?” ಎಂದು ತಾಯಿ ಕೇಳಿದ್ದರಲ್ಲಿ ತರ್ಕವಿತ್ತು. ಅಪರಾಧಿಯನ್ನು ಹುಡುಕುತ್ತ ಅಷ್ಟರಲ್ಲಿ ಮೂರು ಶಾಂಪೂ ಬದಲಾಗಿದ್ದವು.

ನಾನು ಹುಡುಗಿಯ ಕೈ ಕೇಳಿದೆ. ಎರಡೂ ಹೆಬ್ಬೆರಳಿನ ಉಗುರಿನ ತುದಿಯ ಹತ್ತಿರ ಅಡ್ಡಡ್ಡ ಒಂದು ಸಣ್ಣ ತಗ್ಗು. ಬೆರಳಾಡಿಸಿದರೆ ತಿಳಿಯುವಷ್ಟು. “ನಿನಗೆ ಜೋರು ಜ್ವರ ಬಂದಾಗ ಮೈ ಅಂತು, ಈಗ ಉಗುರು, ಕೂದಲು ಬೆಳೆಸೋಕೆ ಪುರುಸೊತ್ತಿಲ್ಲ, ಮೊದಲು ಕಾಯಿಲೆ ನೋಡ್ಕೊಳ್ಳೋಣ ಅಂತ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತೆ. ಲೆಕ್ಕ ಹಾಕು.” ಅವಳು ಬುಡದಿಂದ ತಗ್ಗಿನವರೆಗೆ ಅಳೆದು ಬೆರಳು ಮಡಚಿದಳು. ಲೆಕ್ಕ ಆ ಜ್ವರದ ದಿನಗಳಿಗೇ ಹೋಗಿ ನಿಂತಿತು. ಆಮೇಲೆ ಮೆಲ್ಲಗೆ, “ಹಾಗಾದ್ರೆ ಜ್ವರ ವಾಪಸ್ ಬಂದಿಲ್ವಾ, ಆಂಟಿ?”

ಇಷ್ಟು ದಿನ ಆ ಮಗು ಹೆದರಿದ್ದು ಇದಕ್ಕೆ. ತಾಯಿ ಅದುವರೆಗೆ ಯೋಚಿಸಿದ್ದು ಬೋಳಾಗುವ ಬಗ್ಗೆ. ದಿನಾ ಬೆಳಿಗ್ಗೆ ಅಮ್ಮ ಮುಖ ಗಂಟಿಕ್ಕಿಕೊಂಡು ಎಣಿಸುವುದನ್ನು ನೋಡಿ ಮಗಳು ತನಗೆ ಮತ್ತೆ ಕಾಯಿಲೆ ಬಂದಿದೆ, ಹೇಳುತ್ತಿಲ್ಲ ಎಂದುಕೊಂಡಿದ್ದಳು.

ಆಮೇಲೆ ತಾಯಿಯ ಪ್ರಶ್ನೆಗೆ ಬಂದೆ. ನಮ್ಮ ತಲೆಯ ಕೂದಲಲ್ಲಿ ನೂರಕ್ಕೆ 85ರಿಂದ 90 ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ತೀವ್ರ ಜ್ವರ ಬಂದಾಗ ಬೆಳೆಯುತ್ತಿದ್ದವುಗಳಲ್ಲಿ ಎಷ್ಟೋ ಒಟ್ಟಿಗೇ ವಿಶ್ರಾಂತಿಗೆ ಇಳಿಯುತ್ತವೆ. ಆದರೆ ಕೂಡಲೇ ಬೀಳುವುದಿಲ್ಲ. ಎರಡು ಮೂರು ತಿಂಗಳು ಅಲ್ಲೇ ಕೂತಿದ್ದು ಆಮೇಲೆ ಕಳಚುತ್ತವೆ. ಒಂದು ಪೊಟ್ಟಣ ಬಿಚ್ಚಿ ಕೂದಲೊಂದನ್ನು ಬೆಳಕಿಗೆ ಹಿಡಿದೆ. ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟೂ ಇಲ್ಲದ ಬಿಳಿ ಗಂಟು. “ಅದೇ ಮೇಡಂ, ಬೇರುಸಮೇತ ಬರ್ತಿದೆ” ಅಂದರು ತಾಯಿ. ಬೇರಲ್ಲ ಅದು. ವಿಶ್ರಾಂತಿಗೆ ಹೋದ ಕೂದಲಿನ ಬುಡ ಹೀಗೆ ಗಂಟಿನಂತೆ ಇರುತ್ತದೆ. ಕೂದಲು ಹುಟ್ಟುವ ಗುಳಿ ಚರ್ಮದೊಳಗೆ ಭದ್ರವಾಗಿದೆ.

ಎಣಿಸುವುದನ್ನು ಅವತ್ತೇ ನಿಲ್ಲಿಸಿ ಅಂದೆ. ತಲೆ ಮಗಳೇ ಬಾಚಿಕೊಳ್ಳಲಿ, ಬಿದ್ದದ್ದನ್ನು ಅವಳೇ ಕಸದ ಬುಟ್ಟಿಗೆ ಹಾಕಲಿ. ಯಾವುದಾದರೂ ಸೌಮ್ಯ ಶಾಂಪೂ ಸಾಕು, ಬಿಗಿ ಜಡೆ ಬೇಡ. ಕೊರತೆ ಇದೆಯೆಂದು ಪರೀಕ್ಷೆ ಹೇಳದೆ ವಿಟಮಿನ್ ಮಾತ್ರೆ ಕೊಡಬೇಡಿ. ಎ ವಿಟಮಿನ್ ಅತಿಯಾದರೆ ಅದರಿಂದಲೇ ಕೂದಲು ಉದುರುತ್ತದೆ. ಗುಂಡಗೆ ನುಣುಪಾದ ಬೋಳು ಜಾಗ, ಹೊಟ್ಟು, ತುರಿಕೆ, ತುಂಡಾದ ಮೋಟು ಕೂದಲು ಕಂಡರೆ ಅದು ಬೇರೆಯೇ ಕಥೆ, ವೈದ್ಯರಲ್ಲಿಗೆ ಹೋಗಲೇಬೇಕು. ಆರು ತಿಂಗಳಾದರೂ ನಿಲ್ಲದಿದ್ದರೂ ಅಷ್ಟೇ. ಟೋಪಿಯ ವಿಷಯ ಮಗಳ ಇಷ್ಟಕ್ಕೆ ಬಿಡಿ. ಟೀಚರಿಗೆ ಮೊದಲೇ ತಿಳಿಸಿ.

ತರಗತಿಯಲ್ಲಿ ಕೇಳಿದರೆ ಏನು ಹೇಳುವುದೆಂದು ಹುಡುಗಿಯೇ ಯೋಚಿಸಿದಳು: “ಜ್ವರ ಬಂದಿತ್ತು, ಹಳೇ ಕೂದಲು ಹೋಗ್ತಿದೆ.” ನಾನು ಇನ್ನೂ ಉದ್ದದ ವಾಕ್ಯ ಹೇಳಿಕೊಟ್ಟಿದ್ದೆ. ಅವಳದೇ ಚೆನ್ನಾಗಿತ್ತು.

ಎರಡು ತಿಂಗಳ ನಂತರ ಬಂದಾಗ ಟೋಪಿ ಕೈಯಲ್ಲಿತ್ತು. ಹಣೆಯ ಅಂಚಿನಲ್ಲಿ ಒಂದೆರಡು ಸೆಂಟಿಮೀಟರಿನ ಮರಿಗೂದಲು ಎಷ್ಟು ಒತ್ತಿದರೂ ಕೂರದೆ ನಿಗುರಿ ನಿಂತಿದ್ದವು. ಉದುರುವುದು ಪೂರ್ತಿ ನಿಂತಿರಲಿಲ್ಲ, ಕಡಿಮೆಯಾಗಿತ್ತು. ಮೊದಲಿನ ದಟ್ಟಣೆ ಬರಲು ಇನ್ನೂ ತಿಂಗಳುಗಳು ಬೇಕು ಎಂದೆ. ಮಗಳು ಹೊರಗೆ ಹೋದ ಮೇಲೆ ತಾಯಿ ತಗ್ಗಿದ ದನಿಯಲ್ಲಿ, “ಎಣಿಸೋದು ಬಿಟ್ಟಿದ್ದೀನಿ ಮೇಡಂ. ಆದ್ರೆ ಅವಳು ಸ್ಕೂಲಿಗೆ ಹೋದ್ಮೇಲೆ ಕಸದ ಬುಟ್ಟಿ ಒಂದ್ಸಲ ನೋಡ್ತೀನಿ” ಅಂದರು.