ಹಾಲಿನ ಲೋಟ, ಹಾಲುಹಲ್ಲು ಮತ್ತು ಬಾಂಬು

ಪ್ರಶ್ನೆ: ನಾವು ಊರಂಚಿನ ಬಡಾವಣೆಯಲ್ಲಿರುವ ಮಾಮೂಲಿ ಗಂಡ-ಹೆಂಡತಿ. ಟಿವಿಯಲ್ಲಿ ಯುದ್ಧದ ಸುದ್ದಿ ಬರುವಾಗ ನಮ್ಮ ಏಳು ವರ್ಷದ ಮಗಳು ‘ಆ ಮಕ್ಕಳು ರಾತ್ರಿ ಎಲ್ಲಿ ಮಲಗ್ತಾರೆ?’ ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ. ಶಾಂತಿಗಾಗಿ ಏನಾದರೂ ಮಾಡೋಣ ಅಂದರೆ ನಮಗೆ ರಾಜಕೀಯ ಗೊತ್ತಿಲ್ಲ, ಭಾಷಣ ಬರಲ್ಲ. ಗೆಳೆಯರು ನಗುತ್ತಾರೆ. ನಮ್ಮಂಥವರಿಂದ ಏನಾದರೂ ಆಗುತ್ತಾ?
– ಹೆಸರು ಬೇಡ

ಉತ್ತರ: ನಗುವವರು ನಗಲಿ ಬಿಡಿ. ಭಾಷಣ ಬರದಿರುವುದು ನಿಮಗೆ ಅನುಕೂಲವೇ ಆಗಬಹುದು, ಅದಕ್ಕೊಂದು ಹಳೇ ಕಥೆ ಇದೆ.

1950ರ ದಶಕದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಬಯಲಲ್ಲೇ ಅಣುಬಾಂಬ್ ಪರೀಕ್ಷೆ ಮಾಡುತ್ತಿದ್ದವು. ಬಾಂಬಿನಿಂದ ಎದ್ದ ಧೂಳಿನಲ್ಲಿದ್ದ ಸ್ಟ್ರಾನ್ಷಿಯಂ-90 ಅನ್ನುವ ವಿಕಿರಣ ಸೂಸುವ ವಸ್ತು ಹುಲ್ಲಿನ ಮೇಲೆ ಬೀಳುತ್ತಿತ್ತು, ಹಸು ಹುಲ್ಲು ತಿನ್ನುತ್ತಿತ್ತು, ಅಲ್ಲಿಂದ ಹಾಲಿಗೆ, ಹಾಲಿನಿಂದ ಮಗುವಿನ ಹೊಟ್ಟೆಗೆ. ನಮ್ಮ ಮೈ ಅದನ್ನು ಕ್ಯಾಲ್ಸಿಯಂ ಅಂತಲೇ ತಿಳಿದು ಮೂಳೆ, ಹಲ್ಲುಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ 1958ರಿಂದ ಮಕ್ಕಳ ಬಿದ್ದ ಹಾಲುಹಲ್ಲು ಸಂಗ್ರಹಿಸತೊಡಗಿದರು. ಅಪ್ಪ-ಅಮ್ಮ ಮಾಡಬೇಕಾದದ್ದು ಇಷ್ಟೇ: ಹಲ್ಲನ್ನು ಕವರಿಗೆ ಹಾಕಿ, ಮಗು ಯಾವಾಗ ಹುಟ್ಟಿತು, ಬಸುರಿಯಾಗಿದ್ದಾಗ ತಾಯಿ ಎಲ್ಲಿದ್ದಳು ಅಂತೆಲ್ಲ ಫಾರಂ ತುಂಬಿ ಕಳಿಸುವುದು. ಮಗುವಿಗೆ ‘ನನ್ನ ಹಲ್ಲು ವಿಜ್ಞಾನಕ್ಕೆ ಕೊಟ್ಟೆ’ ಅನ್ನುವ ಬ್ಯಾಡ್ಜ್ ಬರುತ್ತಿತ್ತು! ಬಂದ ಹಲ್ಲುಗಳು ಸುಮಾರು 3 ಲಕ್ಷ. ಬಾಂಬ್ ಪರೀಕ್ಷೆ ಹೆಚ್ಚಿದ ಹಾಗೆ, ಆಮೇಲಾಮೇಲೆ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಆ ವಸ್ತುವೂ ಜಾಸ್ತಿಯಾಗಿತ್ತು.

1961ರ ನವೆಂಬರ್ 1ರಂದು ಆ ದೇಶದ ಸುಮಾರು 60 ಊರುಗಳಲ್ಲಿ ಹೆಂಗಸರು ಬಾಂಬ್ ಪರೀಕ್ಷೆ ನಿಲ್ಲಿಸಿ ಅಂತ ಮನೆಗೆಲಸ ಬಿಟ್ಟು ಬೀದಿಗೆ ಬಂದರು. 50 ಸಾವಿರ ಮಂದಿ ಅಂತ ಅಂದಾಜು. ಶುರು ಮಾಡಿದ ಡಾಗ್ಮರ್ ವಿಲ್ಸನ್ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವರು, ಮೂರು ಹೆಣ್ಣುಮಕ್ಕಳ ತಾಯಿ. ಸುದ್ದಿ ಹಬ್ಬಿದ್ದು ಫೋನಿನಲ್ಲಿ, ಹಬ್ಬಕ್ಕೆ ಯಾರಿಗೆಲ್ಲ ಕಾರ್ಡ್ ಕಳಿಸುತ್ತೇವೆ ಅನ್ನುವ ಪಟ್ಟಿ ಹಿಡಿದು. ಸಂಸತ್ತಿನ ಸಮಿತಿಯೊಂದು ಇವರಲ್ಲಿ ಕಮ್ಯುನಿಸ್ಟರು ಎಷ್ಟಿದ್ದಾರೆ ಅಂತ 1962ರಲ್ಲಿ ವಿಚಾರಣೆಗೆ ಕರೆಸಿತು. ಅಮ್ಮಂದಿರು ಕಂಕುಳಲ್ಲಿ ಕೂಸು ಎತ್ತಿಕೊಂಡೇ ಹೋದರು, ಸಾಕ್ಷಿ ಹೇಳಿದವರ ಕೈಗೆ ಹೂಗುಚ್ಛ ಕೊಟ್ಟರು. ಸದಸ್ಯರ ಪಟ್ಟಿ ಕೇಳಿದರೆ, ಅಂಥದ್ದು ಇದ್ದರೆ ತಾನೇ ಕೊಡುವುದು! ಮಾರನೇ ವರ್ಷ, 1963ರಲ್ಲಿ, ಬಯಲಲ್ಲಿ ಪರೀಕ್ಷೆ ನಿಲ್ಲಿಸುವ ಒಪ್ಪಂದಕ್ಕೆ ಆ ಮೂರೂ ದೇಶಗಳು ಸಹಿ ಹಾಕಿದವು. ಅದು ಈ ಹೆಂಗಸರಿಂದಲೇ ಆಯಿತು ಅಂದರೆ ಉತ್ಪ್ರೇಕ್ಷೆ. ನೆಲದೊಳಗಿನ ಪರೀಕ್ಷೆಗಳಂತೂ ನಿಲ್ಲಲೇ ಇಲ್ಲ. ಆದರೂ ಹಾಲಿನ ವಿಷಯ ಹಿಡಿದದ್ದೇ ಇವರ ಜಾಣತನ. ವಿಶ್ವಶಾಂತಿ ಬೇಕು ಅಂದರೆ ಎಲ್ಲರೂ ಹೌದೌದು ಅಂದು ಎದ್ದು ಹೋಗುತ್ತಾರೆ, ಮಗುವಿನ ಲೋಟದಲ್ಲಿ ಏನಿದೆ ಅಂತ ಕೇಳಿದರೆ ಹಾಗೆ ಎದ್ದು ಹೋಗಲು ಆಗುವುದಿಲ್ಲ, ಅಲ್ವಾ?

ಅಪ್ಪಂದಿರು ಸುಮ್ನೆ ಕೂರಬೇಕಿಲ್ಲ. ಮಕ್ಕಳ ಡಾಕ್ಟರ್ ಬೆಂಜಮಿನ್ ಸ್ಪಾಕ್ 1962ರಲ್ಲಿ ಇದೇ ವಿಷಯಕ್ಕೆ ಪತ್ರಿಕೆಯ ಜಾಹೀರಾತಿನಲ್ಲಿ ಚಿಂತೆಯ ಮುಖ ಹೊತ್ತು ನಿಂತಿದ್ದರು.

ನೀವು ಮೊದಲು ಶಾಲೆಯ ಗೇಟಿನ ಹತ್ತಿರ ಸಿಗುವ ನಾಲ್ಕು ಜನ ಅಪ್ಪ-ಅಮ್ಮಂದಿರ ಜೊತೆ ಮಾತಾಡಿ. ಒಂದೇ ಒಂದು ಕೇಳಿಕೆ ಆರಿಸಿಕೊಂಡು ನಿಮ್ಮ ಜನಪ್ರತಿನಿಧಿಗೆ ಕಾಗದ ಬರೆಯಿರಿ, ಉತ್ತರ ಬರದಿದ್ದರೆ ಮತ್ತೆ ಬರೆಯಿರಿ. ಮಗಳ ಕೈಗೆ ಫಲಕ ಕೊಟ್ಟು ಫೋಟೊ ತೆಗೆಸುವುದು ಮಾತ್ರ ಬೇಡ, ನನಗದು ಸರಿ ಕಾಣುವುದಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಇನ್ನೂ ಬಾಕಿ ಇದೆಯಲ್ಲ, ಅದನ್ನು ಕೊಡಿ: ಕೆಲವರು ಡೇರೆಯಲ್ಲಿ, ಕೆಲವರು ಶಾಲೆಯ ಕೋಣೆಯಲ್ಲಿ, ಕೆಲವರು ನೆಂಟರ ಮನೆಯಲ್ಲಿ ಮಲಗುತ್ತಾರೆ.