ಓದುಗರ ಪ್ರಶ್ನೆ: ಜನಾಂಗಭೇದ ಮತ್ತು ಬಂಡವಾಳ

ಪ್ರಶ್ನೆ: ಬಂಡವಾಳಿಗನಿಗೆ ಬೇಕಿರುವುದು ಅಗ್ಗದ ದುಡಿಮೆ, ದುಡಿಯುವವನ ಬಣ್ಣ ಯಾವುದಾದರೇನು? ಕಪ್ಪು ಚಿಂತಕರು ‘ಜನಾಂಗೀಯ ಬಂಡವಾಳಶಾಹಿ’ ಎಂದು ಒತ್ತಿ ಹೇಳುವುದೇಕೆ?

ಉತ್ತರ: ಜನರನ್ನು ಜನಾಂಗವಾಗಿ ವಿಂಗಡಿಸಿಯೇ ಬಂಡವಾಳ ಲಾಭ ಮಾಡುತ್ತದೆ ಎಂಬುದು ಆ ಮಾತಿನ ಅರ್ಥ. ದುಡಿಮೆ ತಾನಾಗಿ ಅಗ್ಗವಾಗುವುದಿಲ್ಲ, ಕಾನೂನು ಮಾಡಿ ಅಗ್ಗವಾಗಿಸಬೇಕು. ಅಮೆರಿಕದಲ್ಲಿ ಇಂಗ್ಲಿಷರು ಕಟ್ಟಿದ ವರ್ಜೀನಿಯಾ ವಸಾಹತಿನ 1662ರ ಕಾಯ್ದೆಯನ್ನೇ ನೋಡಿ. ಇಂಗ್ಲಿಷರ ಕಾನೂನಿನಲ್ಲಿ ಮಗುವಿನ ಸ್ಥಾನಮಾನ ತಂದೆಯಿಂದ ಬರುತ್ತಿತ್ತು. ಈ ಕಾಯ್ದೆ ಅದನ್ನು ತಿರುವುಮುರುವು ಮಾಡಿ, ಮಗು ಗುಲಾಮನೋ ಸ್ವತಂತ್ರನೋ ಎಂಬುದಕ್ಕೆ ತಾಯಿಯ ಸ್ಥಿತಿಯೇ ಆಧಾರ ಎಂದಿತು. ಅಲ್ಲಿಗೆ ಗುಲಾಮ ಹೆಣ್ಣಿನ ಪ್ರತಿ ಮಗುವೂ ಒಡೆಯನ ಆಸ್ತಿಯಾಯಿತು, ಹುಟ್ಟಿಸಿದವನು ಆ ಒಡೆಯನೇ ಆಗಿದ್ದರೂ. ಹೊಸ ಗುಲಾಮನನ್ನು ಕೊಳ್ಳದೆಯೇ ಆಸ್ತಿ ಬೆಳೆಯತೊಡಗಿತು.

ದಕ್ಷಿಣ ಆಫ್ರಿಕದಲ್ಲಿ ಇದೇ ಕೆಲಸ ಭೂಮಿಯ ಮೂಲಕ ನಡೆಯಿತು. 1913ರ ಭೂ ಕಾಯ್ದೆ ಬಹುಸಂಖ್ಯಾತ ಆಫ್ರಿಕನ್ನರಿಗೆ ಬಿಟ್ಟದ್ದು ದೇಶದ ಸುಮಾರು ಶೇ. 7ರಷ್ಟು ನೆಲ. ಗಂಡಸರು ಗಣಿಗೆ ಹೋದರು. ಮಕ್ಕಳು ಮುದುಕರನ್ನು ಸಾಕುವ ಹೊಣೆ ಆ ತುಂಡುನೆಲದ ಹೆಂಗಸರ ಮೇಲೆ ಬಿತ್ತು. ಹಾಗಾಗಿ ಗಣಿಯವರು ಸಂಸಾರಕ್ಕೆ ಸಾಲುವಷ್ಟು ಕೂಲಿ ಕೊಡಬೇಕಾಗಿರಲಿಲ್ಲ, ಒಬ್ಬನ ಹೊಟ್ಟೆಪಾಡು ನೀಗಿದರೆ ಆಯಿತು. ನೆಲ ಬರಡಾಗುತ್ತ ಬಂದಾಗ ಈ ಏರ್ಪಾಡು ಕುಸಿಯತೊಡಗಿತು, ಅದನ್ನು ಬಲವಂತದಿಂದ ಹಿಡಿದು ನಿಲ್ಲಿಸಿದ್ದೇ ವರ್ಣಭೇದ ನೀತಿ ಎಂದು ದಕ್ಷಿಣ ಆಫ್ರಿಕದ ಸಮಾಜಶಾಸ್ತ್ರಜ್ಞ ಹೆರಾಲ್ಡ್ ವೋಲ್ಪ್ 1972ರಲ್ಲಿ ವಾದಿಸಿದರು.

ಪ್ರಶ್ನೆ: ಹಾಗಾದರೆ ಮೊದಲು ಬಂದದ್ದು ಯಾವುದು, ಜನಾಂಗಭೇದವೋ ಬಂಡವಾಳಶಾಹಿಯೋ?

ಉತ್ತರ: ಇದರಲ್ಲಿ ಒಮ್ಮತವಿಲ್ಲ. ಕೂಲಿಯಾಳುಗಳ ಅಗತ್ಯದಿಂದ ಗುಲಾಮಗಿರಿ, ಗುಲಾಮಗಿರಿಯಿಂದ ಜನಾಂಗದ್ವೇಷ ಎಂಬುದು ಟ್ರಿನಿಡಾಡಿನ ಇತಿಹಾಸಕಾರ ಎರಿಕ್ ವಿಲಿಯಮ್ಸ್ ಅವರ 1944ರ ವಾದ. ಯುರೋಪು ತನ್ನೊಳಗಿನ ಐರಿಷರನ್ನೂ ಸ್ಲಾವರನ್ನೂ ಮೊದಲೇ ಕೀಳಾಗಿ ಕಂಡಿತ್ತು, ಬಂಡವಾಳಶಾಹಿ ಬೆಳೆದದ್ದು ಆ ಮಣ್ಣಿನಲ್ಲೇ ಎಂದು ಅಮೆರಿಕದ ಕಪ್ಪು ಚಿಂತಕ ಸೆಡ್ರಿಕ್ ರಾಬಿನ್‌ಸನ್ 1983ರಲ್ಲಿ ಬರೆದರು. ಅಮೆರಿಕದ ವಸಾಹತುಗಳಲ್ಲಿ ಕರಾರಿನ ಬಿಳಿಯ ಆಳು ಕೆಲವು ವರ್ಷ ದುಡಿದು ಬಿಡುಗಡೆಯಾಗುತ್ತಿದ್ದ; ತಲೆತಲಾಂತರದ ಗುಲಾಮಗಿರಿ ಮಾತ್ರ ಆಫ್ರಿಕನ್ನರ ಪಾಲಿಗೆ ಬಂತು. ಬರೀ ಬೆಲೆಯ ಲೆಕ್ಕದಿಂದ ಇದನ್ನು ವಿವರಿಸಲಾಗದು. ಆದ್ದರಿಂದ ನಮಗೆ ರಾಬಿನ್‌ಸನ್ ವಾದವೇ ಹೆಚ್ಚು ಗಟ್ಟಿ ಎನಿಸುತ್ತದೆ.

ಪ್ರಶ್ನೆ: ಬಡ ಬಿಳಿಯರಿಗೆ ಇದರಿಂದ ಸಿಕ್ಕಿದ್ದೇನು?

ಉತ್ತರ: ಕೂಲಿ ಕಡಿಮೆಯಾದರೂ ಅವರಿಗೆ ‘ಸಾರ್ವಜನಿಕ ಮತ್ತು ಮಾನಸಿಕ ಕೂಲಿ’ಯೊಂದು ಸಂದಿತು ಎಂದರು ಅಮೆರಿಕದ ಕಪ್ಪು ಸಮಾಜಶಾಸ್ತ್ರಜ್ಞ ಡು ಬಾಯ್ಸ್, 1935ರಲ್ಲಿ. ಇದನ್ನು ಬರೀ ಹೆಮ್ಮೆ ಎಂದು ಓದುವವರೇ ಹೆಚ್ಚು. ಆದರೆ ಡು ಬಾಯ್ಸ್ ಪಟ್ಟಿಮಾಡಿದ್ದು ಉದ್ಯಾನದ ಪ್ರವೇಶ, ಒಳ್ಳೆಯ ಶಾಲೆ, ತಮ್ಮವರೇ ಇರುವ ಪೊಲೀಸು, ಮೃದುವಾದ ನ್ಯಾಯಾಲಯ. ಅದೇ ವರ್ಷ ಅಮೆರಿಕದ ಸಾಮಾಜಿಕ ಭದ್ರತಾ ಕಾಯ್ದೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ವೃದ್ಧಾಪ್ಯ ವಿಮೆಯಿಂದ ಹೊರಗಿಟ್ಟಿತು. ದುಡಿಯುವ ಕರಿಯರಲ್ಲಿ ಬಹುಪಾಲು ಇದ್ದದ್ದು ಈ ಎರಡು ಕೆಲಸಗಳಲ್ಲೇ. ಆದರೆ ಅವೇ ಕೆಲಸಗಳಲ್ಲಿದ್ದ ಲಕ್ಷಾಂತರ ಬಿಳಿಯರಿಗೂ ಆ ವಿಮೆ ಸಿಗಲಿಲ್ಲ.