ಒಪಿಡಿ (ಹೊರರೋಗಿ ವಿಭಾಗ) ಸಂಖ್ಯೆ ಹೆಚ್ಚಿದರೆ ಮಾನಸಿಕ ಆರೋಗ್ಯ ಸೇವೆ ದಕ್ಷವಾಗಿದೆ ಎನ್ನಬಹುದೇ?

ಇಲ್ಲ. ಒಪಿಡಿ ಪುಸ್ತಕ ಎಣಿಸುವುದು ಭೇಟಿಗಳನ್ನು, ಸುಧಾರಿಸಿದವರನ್ನಲ್ಲ. ದಕ್ಷತೆ ಎಂದರೆ ಹಾಕಿದ ಹಣ ಮತ್ತು ಸಿಬ್ಬಂದಿಯ ಸಮಯಕ್ಕೆ ಎಷ್ಟು ಜನರ ಬದುಕು ಹಳಿಗೆ ಬಂತು ಎಂಬ ಲೆಕ್ಕ.

ಒಂದು ಉದಾಹರಣೆ ನೋಡಿ. ಕರ್ನಾಟಕ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಜಗಳೂರಿನಲ್ಲಿ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವ ದೀರ್ಘ ಕಾಯಿಲೆ) ಹತೋಟಿಗೆ ಬಂದವರೊಬ್ಬರಿಗೆ ಎರಡು ತಿಂಗಳ ಮಾತ್ರೆ ಕೊಟ್ಟರೆ ವರ್ಷಕ್ಕೆ ಆರು ಭೇಟಿ. ಹದಿನೈದು ದಿನದ್ದು ಕೊಟ್ಟರೆ ಇಪ್ಪತ್ನಾಲ್ಕು! ಕಾಗದದ ಮೇಲೆ ಕೆಲಸ ನಾಲ್ಕು ಪಟ್ಟು. ಆದರೆ ಕಾಯಿಲೆ ಅಷ್ಟೇ ಇದೆ. ಜೊತೆಗೆ ಬರುವ ಅಮ್ಮನ ಕೂಲಿ, ಬಸ್ ಚಾರ್ಜು ಯಾವ ಆಸ್ಪತ್ರೆಯ ಲೆಕ್ಕದಲ್ಲೂ ಕಾಣುವುದಿಲ್ಲ. ನನ್ನ ಪ್ರಕಾರ ದೊಡ್ಡ ಮೋಸ ಇರುವುದು ಇಲ್ಲೇ.

ಹಾಗಾದರೆ ಏನು ಎಣಿಸಬೇಕು? ಆರು ತಿಂಗಳಾದ ಮೇಲೂ ಮಾತ್ರೆ ಮುಂದುವರಿಸಿದವರೆಷ್ಟು, ಹೊಲಕ್ಕೋ ಅಂಗಡಿಗೋ ವಾಪಸ್ ಹೋದವರೆಷ್ಟು, ಮತ್ತೆ ದಾಖಲಾದವರೆಷ್ಟು. ನಡುವೆ ಬಿಟ್ಟುಹೋದವರನ್ನು ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಹುಡುಕಿದರೆ ಒಪಿಡಿಯಲ್ಲಿ ಒಂದಂಕಿಯೂ ಏರದು, ಕೆಲಸ ಮಾತ್ರ ಆಗಿರುತ್ತದೆ. ಎರಡು ತಾಲ್ಲೂಕು ಹೋಲಿಸುವಾಗ ಕಾಯಿಲೆಯ ತೀವ್ರತೆಯನ್ನೂ ನೋಡಿ: ಸುಲಭದ ರೋಗಿಗಳನ್ನಷ್ಟೇ ನೋಡುವ ಕೇಂದ್ರ ಯಾವಾಗಲೂ ಚುರುಕಾಗಿಯೇ ಕಾಣುತ್ತದೆ.